ಸೋಡಾ ನೀರಿನಲ್ಲಿ ಕುದಿಸಿದ ಕುದುರೆಗಳು

ಖಂಡೇನವಮಿಯ ಮುಂಜಾನೆ ಹೂ ತರಲು ಹೋಗಿದ್ದ ತ್ರ್ಯಂಬಕರಾಯರು ಮರಳಿ ಬಂದವರು ಪಡಸಾಲೆಯ ಹೊಸ್ತಿಲಲ್ಲಿಯೇ ನಿಂತುಬಿಟ್ಟರು. ಮಣೆಯ ಮೇಲೆ ಈಳಿಗೆ, ಕುಡಗೋಲು, ಕತ್ತರಿ, ಅಡಕೊತ್ತು ಪೂಜೆಗೆ ಸಾಲಾಗಿ ಕುಳಿತಿದ್ದವು. ಅವುಗಳ ನಡುವೆ, ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಬೆಂಕಿ ಆರಿಸುವ ಪುಟ್ಟ ಆಟಿಗೆ ಬಂಡಿಯೊಂದು ತನ್ನ ಮೂರು ಕುದುರೆಗಳೊಡನೆ ನಿಂತಿತ್ತು. ನಿನ್ನೆಯವರೆಗೆ ಬಂಡಿ ಕೆಂಪು. ಕುದುರೆಗಳಲ್ಲಿ ಎರಡು ಕಪ್ಪು, ಒಂದು ಬಿಳಿ. ಇಂದು ಎಲ್ಲವೂ ಎಣ್ಣೆ ಸವರಿದ ಬರಿಯ ಕಬ್ಬಿಣ.

“ಇದರ ಬಣ್ಣ?” ಎಂದರು.

“ಹೋತು!” ಪತ್ನಿ ಗೋದಾಬಾಯಿಯವರ ಮುಖ ಅರಳಿತ್ತು. “ಸೋಡಾ ನೀರಾಗ ಕುದಿಸಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಏನ್ ಕೊಳಿ ಕೂತಿತ್ತರೀ! ಮನ್ಯಾಗಿನ ಕಬ್ಬಿಣೆಲ್ಲಾ ಪೂಜಾಕ್ಕ ಕೂಡತದ, ನಿಮ್ಮ ಆಟಗಿ ಸಾಮಾನ ಏನ್ ಪಾಪ ಮಾಡ್ಯಾವು ಅನ್ನಿಸ್ತು. ಇಷ್ಟ ವರ್ಷ ಮೋಡಕಾ, ಗುಜರಿ ಅಂತ ಬೈದೆ. ಇನ್ನ ಬೈಯಂಗಿಲ್ಲ.”

ಅಮೆರಿಕದ ಹಳೆಯದೊಂದು ಕಂಪನಿ ಎರಕ ಹೊಯ್ದ ಆಟಿಗೆಗಳವು. ಊರು ಬಿಟ್ಟು ಹೊರಟ ರೈಲ್ವೆ ಸಾಹೇಬರ ಹರಾಜುಗಳಲ್ಲಿ, ಸಾಲೆಯ ಚಿತ್ರಕಲಾ ಮಾಸ್ತರರಾದ ರಾಯರು ಒಂದೊಂದಾಗಿ ಅವನ್ನು ಕೂಡಿಸಿದ್ದರು. ಕಂಪನಿಯ ತಗಡಿನ ಫಲಕವನ್ನೂ ಗೋಡೆಗೆ ತೂಗುಹಾಕಿದ್ದರು. ಧಾರವಾಡವೆಲ್ಲ ನಕ್ಕಿತ್ತು. ಈಗ ಮುಂಬಯಿಯಲ್ಲೊಂದು ಪ್ರದರ್ಶನ ಏರ್ಪಟ್ಟಿತ್ತು. ಕಾರ್ಖಾನೆಯ ಮೂಲ ಬಣ್ಣ ಉಳಿದ ಆಟಿಗೆಗೆ ಮಾತ್ರ ಅಲ್ಲಿ ಪ್ರವೇಶ. ಆರಿಸುವ ಹೊಣೆ ಹುಬ್ಬಳ್ಳಿಯ ಗಡಿಯಾರದ ವ್ಯಾಪಾರಿ ಅಬ್ದುಲಮಜೀದರದು. ಅವರು ಬರುವುದು ಇಂದೇ ಮಧ್ಯಾಹ್ನ.

ಇದಾವುದನ್ನೂ ರಾಯರು ಮನೆಯಲ್ಲಿ ಹೇಳಿರಲಿಲ್ಲ. ಆರಿಸಿದ ಮೇಲೆ ಹೇಳಿ ಬೆರಗುಗೊಳಿಸುವ ಆಸೆ. ಈಗ ಬಾಯಿ ತೆರೆದರೆ ಅವಳ ಮುಖದ ಮೇಲಿನ ಆ ಬೆಳಕನ್ನೂ ತಿಕ್ಕಿ ತೆಗೆದಂತೆ. ಹೂಬುಟ್ಟಿಯನ್ನು ಕೆಳಗಿಟ್ಟು, ತಾವೇ ಪೂಜೆ ಮಾಡಿದರು.

ಮಧ್ಯಾಹ್ನ ಬಂದ ಮಜೀದರು ಮಣೆಯತ್ತ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಮಾಸ್ತರ, ಯಾ ಹುಚ್ಚ ಮಾಡಿದ್ದಿದು?”

ಒಳಬಾಗಿಲಲ್ಲಿ ಬಳೆಯ ಸದ್ದಾಯಿತು. ರಾಯರು ತಲೆ ತಗ್ಗಿಸಿದರು. “ನಾನೇ. ಹೊಲಸಾಗಿತ್ತು, ತೊಳದೆ.”

“ನೀವು? ಕುದರಿ ಮ್ಯಾಲೆ ಧೂಳ ಕೂತ್ರ ನವಿಲಗರಿಲೇ ಒರಸವ್ರು ನೀವು! ನನ್ನ ಬೆರಳ ಸುದ್ದಾ ತಾಗಸಗೊಡತಿದ್ದಿಲ್ಲ!”

ಅಷ್ಟರಲ್ಲಿ ಗೋದಾಬಾಯಿ ಹೊರಗೆ ಬಂದೇಬಿಟ್ಟರು. “ಸುಳ್ಳರೀ ಮಜೀದಸಾಹೇಬ್ರ! ಇವರು ತಮ್ಮ ಊಟದ ತಾಟ ತೊಳದವರಲ್ಲ, ಇದನ್ನ ತೊಳೀತಾರ? ನಿನ್ನಿ ಇವರು ಮನ್ಯಾಗಿಲ್ಲದಾಗ ಸಂಜಿತನಕ ತಿಕ್ಕಿ ರಟ್ಟಿ ಬಿದ್ದು ಹೋಗ್ಯಾವ ನನ್ನವು. ಹೆಸರು ಮಾತ್ರ ಇವರಿಗೆ!”

ಮಜೀದರು ಗಂಡನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, “ಭಾಳ ಛಲೋ ತಿಕ್ಕೀರಿ, ವೈನಿ,” ಎಂದರು.

“ಹೌದಿಲ್ರಿ? ಕಪಾಟಿನ್ಯಾಗ ಇನ್ನೂ ನಾಕು ಉಳದಾವು. ನಾಳಿ ಅವನ್ನೂ ಕುದಿಸಿ...”

“ಬ್ಯಾಡ!”

ರಾಯರು ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಎಂದೂ ಕೂಗಿದವರಲ್ಲ. ಎರಡೂ ತೋಳು ಚಾಚಿ ಕಪಾಟಿಗೆ ಅಡ್ಡವಾಗಿ ನಿಂತಿದ್ದರು. ಗೋದಾಬಾಯಿ ಅವರನ್ನೇ ನೋಡಿದರು. ನೋಡುತ್ತ ನೋಡುತ್ತ ನಗೆ ಮುಖದಿಂದ ಇಳಿದುಹೋಯಿತು.

“ಅದು... ಕೊಳಿ ಅಲ್ಲೇನ್ರಿ?”

ರಾಯರು ಚಾಚಿದ ತೋಳುಗಳನ್ನು ಇಳಿಸಿದರು.

“ಮಜೀದಸಾಹೇಬ್ರ, ನೀವರ ಹೇಳ್ರಿ. ಎಷ್ಟು ವರ್ಷದ ಬಣ್ಣ ಅದು?”

“ನಿಮ್ಮ ಲಗ್ನಕ್ಕಿಂತ ಹಳೀದು, ವೈನಿ,” ಎಂದು ಮಜೀದರು ಮೆಲ್ಲಗೆ ಹೇಳಿದರು.

ಗೋದಾಬಾಯಿ ಕೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಉಗುರುಗಳ ಸಂದಿಯಲ್ಲಿ ಕೆಂಪು ಕೂತಿತ್ತು. ಬೆಳಗಿನಿಂದ ಅವರು ಅದನ್ನು ಕುಂಕುಮವೆಂದೇ ತಿಳಿದಿದ್ದರು.