ನನ್ನ ಕೈಗೆ ಬಂದರೆ ಕುದಿಯುವ ಕಾರು

ನಮ್ಮ ಯಜಮಾನರು ಓಡಿಸಿದರೆ ಕಾರು ಹಸುವಿನ ಹಾಗೆ ಸಾಧು. ಅದೇ ಕಾರು, ಅದೇ ರಸ್ತೆ, ನಾನು ಕೂತೆನೋ, ಸಿಗ್ನಲ್ ದಾಟುವುದರೊಳಗೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು.

“ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ, ಅದಕ್ಕೇ!” ಎನ್ನುವರು, ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು. ಕಾರಿನಲ್ಲೇ ಏನೋ ದೋಷವಿದೆ ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಬೇರೆ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅವತ್ತು ಮಧ್ಯಾಹ್ನವೇ ನನ್ನ ಡ್ರೈವಿಂಗ್ ಪರೀಕ್ಷೆ, ಅದೂ ಈ ಕಾರಿನಲ್ಲೇ. ನಡುದಾರಿಯಲ್ಲಿ ಹಬೆ ಎದ್ದರೆ ಲೈಸೆನ್ಸೂ ಹೋಯಿತು, ಕೀಲಿ ಶಾಶ್ವತವಾಗಿ ಅವರ ಜೇಬು ಸೇರಿತು.

ಬೆಳಿಗ್ಗೆಯೇ ಮೈದುನನ ಗ್ಯಾರೇಜಿಗೆ ಹೋದೆವು. ಅವನು ರೇಡಿಯೇಟರಿನ ನೀರು ನೋಡಿದ, ಬೆಲ್ಟು ಎಳೆದ, ಪೈಪು ಹಿಸುಕಿದ. ಎಲ್ಲ ಸರಿಯಾಗೇ ಇತ್ತು. “ಇಬ್ರೂ ಒಂದೊಂದು ಸುತ್ತು ಓಡಿಸಿ, ನಾನು ಹಿಂದೆ ಕೂತು ನೋಡ್ತೀನಿ,” ಎಂದ.

ಮೊದಲು ನಾನು. ಸಿಗ್ನಲ್ಲಿನಲ್ಲಿ ನಿಂತೆ, ಮುಳ್ಳು ಏರಿತು. ಯಜಮಾನರ ಮುಖದಲ್ಲಿ ಆಗ ಎಂಥ ಕಳೆ ಅಂತೀರಿ!

ಎಂಜಿನ್ ತಣ್ಣಗಾದ ಮೇಲೆ ಅವರು ಕೂತರು. ಕುತ್ತಿಗೆಗೆ ಮಫ್ಲರ್ ಸುತ್ತಿ, ಕಿವಿಗೆ ಹತ್ತಿ ತುರುಕಿ, ಎಂದಿನಂತೆ ಹೀಟರನ್ನು ಕೊನೆಯವರೆಗೂ ತಿರುಗಿಸಿದರು. ಸುಡುಬಿಸಿಲಲ್ಲೂ ನಮ್ಮವರಿಗೆ ಚಳಿ. ನಾನು ಸ್ಟೀರಿಂಗ್ ಹಿಡಿದರೆ ಮಾಡುವ ಮೊದಲ ಕೆಲಸವೇ ಅದನ್ನು ಆರಿಸುವುದು.

ಅದೇ ಸಿಗ್ನಲ್ಲಿನಲ್ಲಿ ನಿಂತರೂ ಮುಳ್ಳು ಕದಲಲಿಲ್ಲ. ಬೆವೆತು ತೊಪ್ಪೆಯಾಗಿದ್ದ ಮೈದುನ ತಡೆಯಲಾರದೆ ಮುಂದೆ ಬಾಗಿ ಹೀಟರ್ ಆರಿಸಿದ. ಅಷ್ಟೇ, ಮುಳ್ಳು ಸರಸರ ಏರತೊಡಗಿತು. ಅವರ ಕೈಯಲ್ಲೇ!

“ಅಣ್ಣಾ, ರೇಡಿಯೇಟರ್ ಫ್ಯಾನು ಸತ್ತು ಎಷ್ಟು ದಿನ ಆಯ್ತೋ! ಎಂಜಿನ್ ಬಿಸೀನೆಲ್ಲ ನಿನ್ನ ಹೀಟರ್ ಒಳಗೆ ಎಳ್ಕೊಂಡು ಕಾಪಾಡ್ತಿತ್ತು. ಅತ್ತಿಗೇದು ಏನೂ ತಪ್ಪಿಲ್ಲ.”

“ಆದ್ರೂ ಕ್ಲಚ್ಚು...” ಎಂದರು ಯಜಮಾನರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಹೊಸ ಫ್ಯಾನು ಬರುವುದು ಸಂಜೆಗೆ. “ಅಲ್ಲೀವರೆಗೆ ಹೀಟರ್ ಫುಲ್ ಇಟ್ಕೊಂಡು ಹೋಗಿ ಅತ್ತಿಗೆ. ಏನೇ ಆದ್ರೂ ಆರಿಸ್ಬೇಡಿ,” ಎಂದ ಮೈದುನ.

ಪರೀಕ್ಷೆಯ ಸಾಹೇಬರು ಕೋಟು ಹಾಕಿಕೊಂಡು ನನ್ನ ಪಕ್ಕ ಕೂತರು, ಯಜಮಾನರು ಹಿಂದೆ. ಮೊದಲ ತಿರುವಿಗೆ ಸಾಹೇಬರು ಕೋಟು ಬಿಚ್ಚಿದರು. ಸಿಗ್ನಲ್ಲಿನಲ್ಲಿ ಟೈ ಕಿತ್ತರು.

“ಅಮ್ಮಾ, ಆ ಹೀಟರ್...”

“ಮುಟ್ಟಬೇಡಿ ಸಾರ್!”

“ಅಯ್ಯೋ, ಪಾಸಮ್ಮ ಪಾಸು! ನಿಲ್ಸಿ, ಇಳೀತೀನಿ!”

“ರಿವರ್ಸ್ ನೋಡ್ದೆ ಪಾಸಾ? ಸೆಕೆಗೆ ಹೆದರಿ ಪಾಸ್ ಮಾಡಿದ್ರು ಅಂತ ನಮ್ಮನೆಯವರು ಜೀವಮಾನವೆಲ್ಲ ಹೇಳ್ತಾರೆ. ಸುಮ್ನೆ ಕೂತ್ಕೊಳ್ಳಿ!”

ಎರಡು ಕಾರುಗಳ ನಡುವೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಹಿಂದಕ್ಕೆ ತಂದು ನಿಲ್ಲಿಸಿದೆ. ಸಾಹೇಬರು ಸಹಿ ಗೀಚಿ ಹಾರಿಕೊಂಡು ಇಳಿದರು.

“ನೋಡಿದ್ರಾ?” ಎಂದು ಹೆಮ್ಮೆಯಿಂದ ಹಿಂದೆ ತಿರುಗಿದೆ. ಯಜಮಾನರು ಬಾಯಿ ತೆರೆದುಕೊಂಡು, ಬೆಚ್ಚಗೆ ಗೊರಕೆ ಹೊಡೆಯುತ್ತಿದ್ದರು. ನಾನು ಓಡಿಸುವಾಗ ಅವರು ಬಾಗಿಲ ಹಿಡಿ ಬಿಟ್ಟಿದ್ದು ಅದೇ ಮೊದಲು.