ಎಲ್ಲಿಂದ ಹೊರಟದ್ದು

ನನ್ನ ಮಗಳಿಗೆ ಆ ಬೀಗ ತೆರೆಯುವುದು ಎರಡು ನಿಮಿಷದ ಕೆಲಸ. ಆದರೂ ಅವಳು ತಾನಿದ್ದ ಮನೆಯ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು.

ನಾವು ತಾಯಿ ಮಗಳು ಇಬ್ಬರೂ ಬೀಗ ರಿಪೇರಿಯವರು. ಅಂಗಡಿ ನನ್ನದು, ಕೈಚಳಕ ಈಗ ಅವಳದ್ದೇ ಹೆಚ್ಚು. ಇದನ್ನು ಅವಳೆದುರು ಹೇಳುವುದಿಲ್ಲ, ತಲೆ ಮೇಲೆ ಹತ್ತಿ ಕೂರುತ್ತಾಳೆ. ಎಂಟು ವರ್ಷ ಅವಳು ಒಬ್ಬ ಡ್ರೈವಿಂಗ್ ಸ್ಕೂಲಿನವನ ಜೊತೆ ಮದುವೆಯಾಗದೆ ಸಂಸಾರ ಮಾಡಿದಳು. ಮದುವೆ ಮಾತೆತ್ತಿದರೆ ಅವನು ನಿಂತಲ್ಲೇ ನಿಲ್ಲುತ್ತಿದ್ದುದರಿಂದ ನಾನು ಅವನಿಗೆ ಹ್ಯಾಂಡ್‌ಬ್ರೇಕ್ ಎಂದು ಹೆಸರಿಟ್ಟಿದ್ದೆ. ಮಗಳೇನು ಕಮ್ಮಿಯೇ? "ನನಗೂ ಬೇಡಮ್ಮ, ಚೆನ್ನಾಗೇ ಇದ್ದೀವಲ್ಲ" ಎನ್ನುತ್ತಿದ್ದಳು. ಕೊನೆಗೆ ಚೆನ್ನಾಗಿಲ್ಲದೆ ಹೋಯಿತು. ಅವನು ಬೇರೆ ಮನೆ ಹಿಡಿದು ಹೋದ. ಹೋದವನು ಹೋಗಬಾರದೇ? ಬಾಡಿಗೆ ಕರಾರು ತನ್ನೊಬ್ಬನ ಹೆಸರಿನಲ್ಲಿದೆ, ಆ ಮನೆ ತನ್ನ ತಮ್ಮನಿಗೆ ಬೇಕು ಎಂದು, ಮಗಳು ಅಂಗಡಿಯಲ್ಲಿದ್ದಾಗ ಬಂದು ಬೀಗ ಬದಲಿಸಿದ. ಅದೂ ಎಂಥ ಬೀಗ! ನಾನಾದರೆ ಕೋಳಿಗೂಡಿಗೂ ಹಾಕುವುದಿಲ್ಲ.

ನಾನು ಚೀಲ ಹೆಗಲಿಗೇರಿಸಿ ಓಡಿದೆ. ಬೀಗದೊಳಗೆ ಕಡ್ಡಿ ತೂರಿಸಿಯೂ ಆಗಿತ್ತು. ಮಗಳು ನನ್ನ ಕೈ ಹಿಡಿದಳು.

"ಅಮ್ಮ, ವಿಳಾಸದ ಪುರಾವೆ ನೋಡಿದ್ಯಾ?"

ಅದು ನನ್ನದೇ ನಿಯಮ. ಆ ಮನೆಯವರೇ ಎನ್ನುವುದಕ್ಕೆ ಪುರಾವೆ ಸಿಗದೆ ನಾನು ಯಾರಿಗೂ ಬಾಗಿಲು ತೆರೆದುಕೊಡುವುದಿಲ್ಲ. ಟವೆಲು ಸುತ್ತಿಕೊಂಡು ಹೊರಗೆ ಸಿಕ್ಕಿಕೊಂಡಿದ್ದ ಪ್ರೊಫೆಸರೊಬ್ಬರನ್ನು, ಪಕ್ಕದ ಮನೆಯವರು ಬಂದು ಹೇಳುವವರೆಗೂ ಹಾಗೇ ನಿಲ್ಲಿಸಿದವಳು ನಾನು.

"ನಿನಗೂ ಪುರಾವೆ ಬೇಕೇನೇ? ನಾನು ಹೆತ್ತೋಳು!"

"ಹೆತ್ತಿದ್ದಕ್ಕೆ ಪುರಾವೆ ಇದೆ. ಈ ಮನೇಲಿ ಇದ್ದಿದ್ದಕ್ಕೆ ಒಂದು ಚೀಟಿನೂ ಇಲ್ಲ. ಕರಾರು, ಕರೆಂಟ್ ಬಿಲ್ಲು ಎಲ್ಲ ಅವನ ಹೆಸರಲ್ಲಿ. ಇವತ್ತು ಹೀಗೆ ಒಳಗೆ ಹೋದ್ರೆ ನಾಳೆ ಕಳ್ಳಿ ಅಂತಾನೆ. ನಾನು ಹಕ್ಕಿಂದಾನೇ ಒಳಗೆ ಹೋಗೋದು."

"ಅದಕ್ಕೇ ಹೇಳಿದ್ದು, ಮದುವೆ ಆಗಿದ್ರೆ..." ಎಂದು ಶುರು ಮಾಡಿದೆ. ಅವಳು ನೋಡಿದ ನೋಟಕ್ಕೆ ಕಡ್ಡಿಯನ್ನು ಬೀಗದಿಂದ ಎಳೆದು ಚೀಲಕ್ಕೆ ಹಾಕಿದೆ.

ಬಾಡಿಗೆ ಮನೆಗಳ ತಕರಾರು ನೋಡುವ ಕಚೇರಿಗೆ ಅವಳೊಬ್ಬಳೇ ಹೋಗಿ ವಿಚಾರಿಸಿಕೊಂಡು ಬಂದಳು. ಅಲ್ಲಿ ಮದುವೆ ಮುಖ್ಯವಲ್ಲವಂತೆ. ಇಬ್ಬರೂ ಕೂಡಿ ಅಲ್ಲಿ ವಾಸವಿದ್ದದ್ದು ಸಾಬೀತಾದರೆ, ಒಬ್ಬರು ಬಿಟ್ಟುಹೋದ ಮೇಲೆ ಇನ್ನೊಬ್ಬರು ಉಳಿಯಬಹುದಂತೆ. ಸಾಬೀತು ಮಾಡುವುದು ಹೇಗೆಂದು ಎರಡು ದಿನ ಯೋಚಿಸಿದಳು. ಮೂರನೆಯ ದಿನ ಅಂಗಡಿಯ ಅಟ್ಟ ಹತ್ತಿ ಹಳೆಯ ರಿಜಿಸ್ಟರುಗಳನ್ನೆಲ್ಲ ಇಳಿಸಿದಳು.

ಬೀಗ ತೆರೆಯಲು ಕರೆ ಬಂದರೆ ಎಷ್ಟು ಹೊತ್ತಿಗೆ, ಎಲ್ಲಿಂದ ಹೊರಟೆವು ಎಂದು ನಾವು ಬರೆದಿಡುತ್ತೇವೆ. ತಡವಾಯಿತೆಂದು ಗಿರಾಕಿ ಹಾರಾಡಿದರೆ ತೋರಿಸಬೇಕಲ್ಲ. ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಬರುವ ಕರೆಗಳಿಗೆ ಮಗಳು ಮನೆಯಿಂದಲೇ ಹೊರಟು ನನಗೆ ಫೋನ್ ಮಾಡುತ್ತಿದ್ದಳು, ನಾನು ಬರೆಯುತ್ತಿದ್ದೆ. ಎಂಟು ವರ್ಷ, ವಾರಕ್ಕೆ ಮೂರು ನಾಲ್ಕು ಬೆಳಗು, ಅದೇ ಬೀದಿ, ಅದೇ ಮನೆ ನಂಬರು.

ವಿಚಾರಣೆಯ ದಿನ ಕನ್ನಡಕದ ಅಧಿಕಾರಿಣಿ ಪುಟ ತಿರುವುತ್ತಿದ್ದರು. ಹ್ಯಾಂಡ್‌ಬ್ರೇಕ್ ಬಗ್ಗಿ ನೋಡಿದವನು ಕುಣಿದುಬಿಟ್ಟ.

"ಇಲ್ನೋಡಿ ಮೇಡಂ! ಮನೆ ನಂಬರ್ ಪಕ್ಕದಲ್ಲಿ ಇವಳಮ್ಮನೇ ಬರೆದಿದಾರೆ, 'ಅವನ ಮನೆಯಿಂದ' ಅಂತ. ಎಲ್ಲ ಕಡೆನೂ ಹಾಗೇ ಇದೆ. ಇವಳು ಬಂದು ಹೋಗಿ ಮಾಡ್ತಿದ್ಲು, ಅಷ್ಟೆ."

ಹೌದು, ಮಗಳು ಹೊರಟೆ ಎಂದಾಗಲೆಲ್ಲ ನಾನು ಹಲ್ಲು ಕಚ್ಚಿಕೊಂಡು ಹಾಗೇ ಬರೆದಿದ್ದೆ. ಬರೆದು ಬರೆದು ಕೈಗೆ ರೂಢಿಯಾಗಿ, ಬರೆದದ್ದೇ ಮರೆತುಹೋಗಿತ್ತು. ಮಗಳಿಗೆ ಗೊತ್ತಿತ್ತು. ಅಷ್ಟೂ ರಿಜಿಸ್ಟರು ಓದಿದವಳಲ್ಲವೇ? ಒಂದು ಪುಟ ಹರಿಯದೆ, ಒಂದು ಅಕ್ಷರ ತಿದ್ದದೆ ತಂದಿಟ್ಟಿದ್ದಳು. ಈಗಲೂ ನನ್ನ ಕಡೆ ತಿರುಗಲಿಲ್ಲ.

ಯಾರೂ ಕರೆಯದೆ ನಾನೇ ಎದ್ದು ನಿಂತೆ.

"ಮೇಡಂ, ಅದು ನನ್ನ ಸಿಟ್ಟು. ಅವಳು ಪ್ರತಿ ಸಲ 'ಮನೆಯಿಂದ ಹೊರಟೆ ಅಮ್ಮ' ಅಂತಾನೇ ಹೇಳಿದ್ದು. ಮದುವೆ ಆಗ್ಲಿಲ್ಲ ಅನ್ನೋ ಉರಿಗೆ ನಾನು ಹೀಗೆ ಬರೆದೆ. ಅದು ಅವಳ ಮನೆನೇ. ಒಪ್ಕೊಳ್ಳೋಕೆ ನನಗೆ ಆಗ್ಲಿಲ್ಲ. ನನ್ನ ತಪ್ಪಿಗೆ ಅವಳ ಮನೆ ಕಿತ್ಕೋಬೇಡಿ."

ಎಲ್ಲರೆದುರು ತಪ್ಪೊಪ್ಪಿಕೊಂಡದ್ದು ನನ್ನ ಜನ್ಮದಲ್ಲೇ ಅದು ಮೊದಲು.

ಅಧಿಕಾರಿಣಿ ಕನ್ನಡಕ ತೆಗೆದರು. "ಎಂಟು ವರ್ಷ ಬೆಳಗ್ಗೆ ಆರು ಗಂಟೆಗೆ ಇವಳು ಅಲ್ಲಿಂದಾನೇ ಹೊರಟಿದಾಳೆ. ಇದಕ್ಕೆ ಬಂದು ಹೋಗೋದು ಅಂತಾರೇನಪ್ಪ?" ಎಂದು ಅವನನ್ನು ಕೇಳಿದರು. ಅವನು ನಿಂತಲ್ಲೇ ನಿಂತ.

ವಾರದ ನಂತರ ಆದೇಶ ಬಂತು. ಕರಾರು ಮಗಳ ಹೆಸರಿಗೆ. ಕೀಲಿ ಕಳೆದುಹೋಗಿದೆ ಎಂದು ಅವನು ಹೇಳಿ ಕಳಿಸಿದ. ಬೀಗ ತೆರೆಸಿಕೊಡಲು ಕಚೇರಿಯ ಗುಮಾಸ್ತರು ನಮ್ಮ ಜೊತೆ ಬಂದರು. ಮಗಳು ಮೊದಲು ಆದೇಶದ ಪ್ರತಿಯನ್ನು ನನ್ನ ಕೈಗಿಟ್ಟಳು.

"ಓದಮ್ಮ, ಆಮೇಲೆ ತೆರೆಯೋಣ."

ನಾನು ಒಂದಕ್ಷರ ಬಿಡದೆ ಓದಿ ತಲೆಯಾಡಿಸಿದೆ. ಅವಳು ಮಂಡಿಯೂರಿ ಕೂತು ತೆರೆದಳು.

"ಯಾರಮ್ಮ ಇವಳಿಗೆ ಕಲಿಸಿದ್ದು?" ಎಂದರು ಗುಮಾಸ್ತರು.

"ಬೀಗ ತೆರೆಯೋದು ನಾನು ಕಲಿಸಿದ್ದು. ತೆರೆಯೋಕೆ ಬಂದ್ರೂ ಕೈ ಕಟ್ಟಿ ಕೂರೋದು ಅವಳೇ ಕಲಿತಿದ್ದು" ಎಂದೆ. ಹೆಮ್ಮೆಯಿಂದ ಎದೆಯುಬ್ಬಿತ್ತು, ಸುಳ್ಳೇಕೆ ಹೇಳಲಿ.

"ಒಳಗೆ ಬಾಮ್ಮ" ಎಂದಳು ಮಗಳು. ಎಂಟು ವರ್ಷದಲ್ಲಿ ಎಷ್ಟು ಸಲ ಕರೆದಿದ್ದಳೋ, ನಾನು ಒಮ್ಮೆಯೂ ಆ ಹೊಸ್ತಿಲು ದಾಟಿರಲಿಲ್ಲ. ಈಗ ದಾಟಿದೆ. ಗೊತ್ತಿಲ್ಲದ ಮನೆಯಲ್ಲಿ ನಿಲ್ಲುವಂತೆ ನಡುಮನೆಯಲ್ಲಿ ನಿಂತು, "ಎಲ್ಲಿ ಕೂರ್ಲಿ?" ಎಂದು ಕೇಳಿದೆ.

"ಮಗಳ ಮನೆ. ಎಲ್ಲಿ ಬೇಕಾದ್ರೂ ಕೂರು" ಎಂದಳು.