ಏನಿಲ್ಲ, ಸುಮ್ಮನೆ

ನೆಲ ಒರೆಸಿದ ಒದ್ದೆ ಇನ್ನೂ ಆರಿಲ್ಲ, ಟ್ಯೂಬ್‌ಲೈಟು ಅದರಲ್ಲಿ ಉದ್ದಕ್ಕೆ ಮಲಗಿದೆ, ನಾನು ಕಾಲಿಟ್ಟಲ್ಲೆಲ್ಲ ಮುರಿದು ಮತ್ತೆ ಕೂಡಿಕೊಳ್ಳುತ್ತಿದೆ, ಗೋಡೆ ಯಾಕೆ ಹಿಡಿದೆ ಈಗ, ಇಪ್ಪತ್ತೆರಡು ವರ್ಷ ನಡೆದ ಕಾರಿಡಾರು, ಆಸ್ಪತ್ರೆಯವರು ದೀಪ ಆರಿಸಿದರೂ ಎಕ್ಸ್‌ರೇ ಕೋಣೆಗೆ ಹೋಗಿ ಮುಟ್ಟುತ್ತೇನೆ, ಜಾರೀತು ಅಂತ ಹಿಡಿದದ್ದಲ್ಲ, ಅದು ಇನ್ನೂ ಹೋಗಿಲ್ಲ ಅಂತ ಹಿಡಿದದ್ದು — ಅಲಾರಂ ಹೊಡೆಯುವ ಮೊದಲೇ ಬಂದು ಕೂತಿತ್ತಲ್ಲ, ಕಣ್ಣು ಬಿಡುವುದಕ್ಕೂ ಮುಂಚೆ, ಎದೆ ಡವಡವ, ಅಂಗೈ ತಣ್ಣಗೆ, ಯಾಕೆ, ಇವತ್ತು ಏನಿದೆ, ಮಲಗಿದ್ದಲ್ಲೇ ಒಂದೊಂದಾಗಿ ತಡಕಾಡಿದೆ, ಊರಿಗೆ ಹೋಗುವುದಿಲ್ಲ, ಯಾರೂ ಬರುವುದಿಲ್ಲ, ಯಾರ ಜೊತೆಗೂ ಜಗಳ ಆಡಿಲ್ಲ, ಗ್ಯಾಸ್ ಆರಿಸಿದ್ದೇನೆ, ಬಾಗಿಲು ಹಾಕಿದೆ, ಮಗಳು ಹಾಸ್ಟೆಲಿನಲ್ಲಿ ಚೆನ್ನಾಗಿದ್ದಾಳೆ, ಇವರು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ, ಗೊರಕೆ ಹೊಡೆಯುವವರು ಬದುಕಿದ್ದಾರೆ ಅಂತಲೇ ಲೆಕ್ಕ. ಏನೂ ಇಲ್ಲ. ಕಳ್ಳನೇ ಇಲ್ಲದ ಮನೆಯಲ್ಲಿ ನಾಯಿ ಬೊಗಳಿದ ಹಾಗೆ ಎದೆ ಬೊಗಳುತ್ತಲೇ ಇತ್ತು, ಏಯ್ ಸುಮ್ಮನಿರು ಅಂದರೆ ಇನ್ನೂ ಜೋರು.

ಇವರಿಗೆ ಹೇಳಬಾರದಿತ್ತು. ನಕ್ಷೆ ಬರೆಯುವ ಮನುಷ್ಯ, ಗೋಡೆಯ ಮೇಲೊಂದು ಬಿರುಕು ಕಂಡರೆ ಪಾಯದವರೆಗೂ ಹೋಗಿ ನೋಡಿ ಬರುವವರು, ಟೀ ಲೋಟ ಕೆಳಗಿಟ್ಟು, ಕಾರಣ ಇಲ್ದೆ ಏನೂ ಆಗಲ್ಲ ಕಣೇ, ಸರಿಯಾಗಿ ಯೋಚನೆ ಮಾಡು, ನಿನ್ನೆಯಿಂದ ಏನೇನಾಯ್ತು ಹೇಳು ಅಂದರು, ಹೇಳಿದೆ, ನಿನ್ನೆ ಬೆಳಿಗ್ಗೆಯಿಂದ ನಿನ್ನೆ ರಾತ್ರಿಯ ತನಕ, ಹೇಳುತ್ತ ಹೇಳುತ್ತ ಸಣ್ಣ ಸಣ್ಣದಕ್ಕೂ ಕಾಲು ಮೂಡಿತು, ಲಿಫ್ಟಿನಲ್ಲಿ ಆ ಹೆಂಗಸು ನಕ್ಕದ್ದು ಯಾಕೆ, ಮಗಳು ಫೋನಿನಲ್ಲಿ ಸರಿ ಅಂದಳೋ ಸರೀ ಅಂತ ಎಳೆದಳೋ — ಬೇಡ ಬಿಡಿ, ಏನಿಲ್ಲ ಅಂದೆ. ಏನಿಲ್ಲ ಅಂದ್ರೆ ಮುಖ ಯಾಕೆ ಹಾಗಿದೆ. ಅಮ್ಮ ಇದ್ದಿದ್ದರೆ ಕಾರಣ ಕೇಳುತ್ತಿರಲಿಲ್ಲ, ನೇರ ತೀರ್ಪು, ಸುಮ್ಮಸುಮ್ನೆ ಎದೆ ಹೊಡ್ಕೊಳ್ಳಲ್ಲ, ನಮ್ಮೋರಿಗೆ ಯಾರಿಗೋ ಏನೋ ಆಗಿದೆ, ಹೋಗಿ ವಿಚಾರಿಸು. ಅವಳು ಹೋಗಿ ಒಂಬತ್ತು ವರ್ಷವಾದರೂ ಆ ಮಾತು ಕಿವಿಯಲ್ಲೇ ಸಂಸಾರ ಹೂಡಿದೆ, ಬಟ್ಟೆ ಉಟ್ಟುಕೊಳ್ಳುತ್ತಲೇ ಮಗಳಿಗೆ ಫೋನ್ ಮಾಡಿದೆ, ಅಮ್ಮ ನಾನು ಕ್ಲಾಸಿಗೆ ಹೊರಟಿದೀನಿ ಏನಾಯ್ತು, ಏನಿಲ್ಲ ಸುಮ್ಮನೆ, ಸುಮ್ನೆ ಇಷ್ಟು ಬೆಳಿಗ್ಗೆ ಯಾರಾದ್ರೂ ಮಾಡ್ತಾರಾ, ಅಪ್ಪ ಹುಷಾರಾಗಿದಾರಾ, ಹುಷಾರಾಗಿದ್ದಾರೆ, ಮತ್ತೆ ಯಾಕಮ್ಮ ಹೆದರಿಸ್ತೀಯಾ ಅಂತ ಇಟ್ಟೇಬಿಟ್ಟಳು. ಆಮೇಲೆ ಅಕ್ಕನಿಗೆ. ನೀನು ಚೆನ್ನಾಗಿದೀಯಾ ತಾನೆ ಅಂದೆ ಅಷ್ಟೆ, ಅಕ್ಕ ಅಮ್ಮನ ಮಗಳೇ ಅಲ್ಲವೆ, ನನಗೇನೋ ಆಗಿದೆ ಅಂತ ನಿನಗೆ ಅನ್ನಿಸ್ತಾ ಅಂದಳು, ಅವಳ ಎದೆಯೂ ಶುರುವಾಯಿತು, ಅವಳು ಅಣ್ಣನಿಗೆ ಮಾಡಿದಳು, ಅಣ್ಣ ಇವರಿಗೆ ಮಾಡಿದ, ಹತ್ತು ಗಂಟೆಗೆ ಇವರು ನನಗೆ ಮಾಡಿ, ಏನೇ, ನಿಮ್ಮಕ್ಕನಿಗೆ ಏನೋ ಆಗಿದೆಯಂತಲ್ಲ! ಇರಲಾರದೆ ಇರುವೆ ಬಿಟ್ಟುಕೊಂಡದ್ದು ನಾನು, ಕಚ್ಚಿಸಿಕೊಂಡದ್ದು ಮನೆಮಂದಿಯೆಲ್ಲ. ನಗು ಬರಬೇಕಿತ್ತು. ಬಂತು ಕೂಡ, ಗಂಟಲವರೆಗೆ, ಅಲ್ಲಿ ಇದು ಕೂತಿತ್ತು, ದಾರಿ ಬಿಡಲಿಲ್ಲ.

ಎಕ್ಸ್‌ರೇ ಕೋಣೆಗೆ ಕಿಟಕಿ ಇಲ್ಲ, ಇರಬಾರದು, ಕಿರಣ ದಾಟದ ಹಾಗೆ ಗೋಡೆಯೊಳಗೆ ಸೀಸ, ಬಾಗಿಲೊಳಗೆ ಸೀಸ, ನಾನು ನಿಲ್ಲುವ ಗೂಡಿನ ಗಾಜಿನಲ್ಲೂ ಸೀಸ, ಬಾಗಿಲು ಮುಚ್ಚಿದರೆ ಹೊರಗೆ ಕೆಂಪು ದೀಪ ಹತ್ತುತ್ತದೆ, ಯಾರೂ ಒಳಗೆ ಬರುವ ಹಾಗಿಲ್ಲ, ಇಷ್ಟು ವರ್ಷ ಇದು ನನ್ನ ಕೋಣೆ, ಇವತ್ತು ನಾನು ಇದರ ಕೈದಿ, ಗಾಳಿ ಇದೆಯೇ ಅಂತ ಮೂಗಿನಿಂದ ಎರಡು ಸಲ ಎಳೆದು ನೋಡಿದೆ, ಎಳೆದರೂ ಅರ್ಧಕ್ಕೇ ನಿಲ್ಲುತ್ತದೆ, ತಳ ಮುಟ್ಟುವುದಿಲ್ಲ. ಎದೆಯ ಮೇಲೆ ಸಿಕ್ಕಿಸಿಕೊಂಡ ಬ್ಯಾಡ್ಜು, ಮೂರು ತಿಂಗಳಿಗೊಮ್ಮೆ ಎಲ್ಲಿಗೋ ಹೋಗಿ ಬರುತ್ತದೆ, ಕಣ್ಣಿಗೆ ಕಾಣದ ಕಿರಣ ಮೈಮೇಲೆ ಎಷ್ಟು ಬಿತ್ತು ಅಂತ ಅಳೆದು ಹೇಳುತ್ತಾರೆ, ಇಷ್ಟು ಹತ್ತಿರ ಇದ್ದೂ ಒಳಗಿನದ್ದನ್ನು ಮಾತ್ರ ಅದು ಅಳೆಯದು. ಮೊದಲು ಮೊಣಕಾಲಿನ ಹುಡುಗಿ, ಆಮೇಲೆ ಮಣಿಕಟ್ಟು ಮುರಿದ ಬಡಗಿ, ಕೆಲಸ ಮಾಡುವಾಗ ಕೈ ಹೇಳಿದ ಹಾಗೆ ಕೇಳುತ್ತದೆ, ನಡುವೆ ಖಾಲಿಯಾದರೆ ಸಾಕು, ಬಂತು. ಕೊಕ್ಕೆಯಿಂದ ಸೀಸದ ಅಂಗಿ ತೆಗೆದು ತೊಟ್ಟು ಮೂಲೆಯಲ್ಲಿ ನಿಂತೆ, ಯಾವ ಕಿರಣಕ್ಕೂ ಅಲ್ಲ, ಅದರ ಭಾರಕ್ಕೆ, ಎರಡು ಹೆಗಲ ಮೇಲೂ ಯಾರೋ ಕೈಯಿಟ್ಟು ಒತ್ತಿ ಹಿಡಿದ ಹಾಗೆ, ಇಲ್ಲೇ ಇದ್ದೀಯ, ಎಲ್ಲೂ ಹಾರಿಹೋಗಿಲ್ಲ ಅಂದ ಹಾಗೆ — ಸ್ಟ್ರೆಚರಿನವನು ಇಣುಕಿ, ಏನ್ ಮೇಡಂ ಮೆಷಿನ್ ಆಫ್ ಇದ್ರೂ ಅಂಗಿ ಹಾಕಿದೀರಿ, ಚಳೀನಾ ಅಂದ, ಹೌದಪ್ಪ ಚಳಿ. ಅವನೇ ಹೋಗಿ ಇಸಿಜಿಯವಳಿಗೆ ಹೇಳಿರಬೇಕು, ಅವಳು ಬಂದು ಕೈ ಹಿಡಿದು ಎಳೆದುಕೊಂಡು ಹೋಗಿ ಮಲಗಿಸಿದಳು, ತಣ್ಣನೆಯ ಜೆಲ್ಲು, ಹತ್ತು ಕಡೆ ವೈರು, ಕಾಗದ ಕಿರ್ರನೆ ಹೊರಬಂತು, ದೊಡ್ಡ ಡಾಕ್ಟರ್ ಕನ್ನಡಕ ಹಣೆಗೇರಿಸಿ ನೋಡಿ, ಕುದುರೆ ಥರ ಇದೆ ನಿಮ್ಮ ಹಾರ್ಟು, ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ ಅಂದರು. ಸಂತೋಷವಾಗಬೇಕಿತ್ತು, ಅಳು ಬಂತು. ಏನಾದರೂ ಇದ್ದಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು, ಗುಳಿಗೆ ಇರುತ್ತಿತ್ತು, ಜನ ಸೇಬು ತಗೊಂಡು ನೋಡಲು ಬರುತ್ತಿದ್ದರು, ಏನೂ ಇಲ್ಲದ್ದಕ್ಕೆ ಯಾರು ಬರುತ್ತಾರೆ.

ಮಧ್ಯಾಹ್ನ ಊಟವಾದ ಮೇಲೆ ಮೊದಲನೇ ಚೀಟಿ ಒಬ್ಬ ಹಿರಿಯರದ್ದು, ಎಪ್ಪತ್ತು ದಾಟಿದವರು, ಒಬ್ಬರೇ ಬಂದಿದ್ದರು, ಎರಡು ತಿಂಗಳ ಕೆಮ್ಮು, ಎದೆಯ ಎಕ್ಸ್‌ರೇ, ಅಂಗಿ ಬಿಚ್ಚುತ್ತ ತಾವೇ ಮಾತಿಗೆ ಶುರುವಿಟ್ಟರು, ಸೊಸೆ ಕಳಿಸಿದ್ಲಮ್ಮ, ನನ್ನ ಕೆಮ್ಮಿಗೆ ಅವಳ ನಿದ್ದೆ ಕೆಡುತ್ತಂತೆ, ನಾನು ಬಸ್ ಡ್ರೈವರು, ಮೂವತ್ತು ವರ್ಷ ಹಾರ್ನ್ ಹೊಡೆದೋನು, ಈಗ ಹಾರ್ನ್ ಇಲ್ಲ ಅದಕ್ಕೆ ಕೆಮ್ಮು ಅಂತೀನಿ. ನಕ್ಕೆ ಅನ್ನಿಸುತ್ತದೆ. ಹಲಗೆಗೆ ಎದೆ ಒತ್ತಿ ನಿಲ್ಲಿಸಿದೆ, ಗದ್ದ ಮೇಲೆ, ಕೈ ಸೊಂಟಕ್ಕೆ, ಭುಜ ಮುಂದಕ್ಕೆ ಬರಲಿ, ನಾನು ಬಿಡಿ ಅನ್ನುವವರೆಗೆ ಅಲುಗಬೇಡಿ, ಬಾಗಿಲು ಮುಚ್ಚಿ ಗೂಡಿಗೆ ಬಂದು ಗಾಜಿನ ಹಿಂದೆ ನಿಂತು, ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ ಅಂದೆ, ಗುಂಡಿ ಒತ್ತಿದೆ, ಬೀಪ್ ಅಂತು, ಆ ಬೀಪಿಗೇ ಏನಾಯಿತೋ, ಅದು ಒಮ್ಮೆಗೇ ಅಡಿಯಿಂದ ಎದ್ದಿತು, ಕಿವಿ ಗುಂಯ್, ಗುಂಡಿಯ ಮೇಲೆ ಬೆರಳು ನನ್ನದಲ್ಲ, ಓಡು ಅನ್ನುತ್ತದೆ ಮೈ, ಎಲ್ಲಿಗೆ, ಯಾಕೆ, ಯಾವುದರಿಂದ, ಓಡು ಅಷ್ಟೆ, ಕಾಲು ಮಾತ್ರ ನೆಲಕ್ಕೆ ಹೊಲಿದ ಹಾಗೆ, ಇಲ್ಲೇ ಬೀಳುತ್ತೇನೆ, ಕೆಂಪು ದೀಪ ಹತ್ತಿದೆ, ಯಾರೂ ಬರುವುದಿಲ್ಲ — ಎಷ್ಟು ಹೊತ್ತು, ಗೊತ್ತಿಲ್ಲ, ಗಾಜಿನ ಆಚೆ ಒಂದು ಬೆನ್ನು ಕಾಣುತ್ತಿತ್ತು, ಮುದಿ ಬೆನ್ನು, ರೆಕ್ಕೆಯೆಲುಬು ಎರಡೂ ಅಗಲಕ್ಕೆ ಸರಿದಿವೆ, ತುಂಬಿಕೊಂಡು ನಿಂತಿದೆ, ಯಾಕೆ ಇವರು ಅಲುಗುತ್ತಿಲ್ಲ ಅಂದುಕೊಂಡೆ, ಕುತ್ತಿಗೆಯ ನರ ಉಬ್ಬಿ ಕಿವಿ ಕೆಂಪಗೆ, ಆ ಬೆನ್ನು ಸಣ್ಣಗೆ ನಡುಗತೊಡಗಿತು, ಆಗ, ಆಗ ತಿಳಿಯಿತು, ನಾನು ಬಿಡಿ ಅಂದಿಲ್ಲ. ಬಿಡಿ, ಬಿಡಿ ಬಿಡಿ ಅಂತ ಕಿರುಚಿ ಓಡಿದೆ, ಕೆಮ್ಮಿ ಕೆಮ್ಮಿ ನನ್ನ ತೋಳಿನ ಮೇಲೇ ಕುಸಿದರು, ಸ್ಟೂಲಿನ ಮೇಲೆ ಕೂರಿಸಿದೆ, ನೀರು ಕೊಟ್ಟೆ, ಅಯ್ಯೋ ತಪ್ಪಾಯ್ತು, ನನ್ನಿಂದ ತಪ್ಪಾಯ್ತು, ನೀವಾದರೂ ಬಿಡಬಾರದಿತ್ತೆ ಅಂದರೆ, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಾರೆ, ಕಂಡಕ್ಟರ್ ರೈಟ್ ಅನ್ದೆ ಒಂದು ದಿನಾನೂ ಗಾಡಿ ತೆಗೆದೋನಲ್ಲಮ್ಮ ನಾನು. ಆಮೇಲೆ ನನ್ನ ಕೈ ನೋಡಿದರು, ಲೋಟ ನನ್ನ ಕೈಯಲ್ಲೇ ಕುಣಿಯುತ್ತಿತ್ತು, ನೀವು ಕೂತ್ಕೊಳ್ಳಿ ಮೊದ್ಲು ಅಂತ ತಾವು ಎದ್ದು ಸ್ಟೂಲು ತಳ್ಳಿದರು. ಕೂತೆ. ಯಾರಿಗೂ ಹೇಳದ ಹಾಗೆ ಹೇಳಿದೆ, ಬೆಳಿಗ್ಗೆಯಿಂದ ಹೀಗೇ, ಕಾರಣವೇ ಇಲ್ಲ. ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನಂಗೂ ಇತ್ತು, ನನ್ನ ರೂಟಲ್ಲಿ ಒಂದು ತಿರುವಿತ್ತಮ್ಮ, ಅಲ್ಲಿ ಯಾವತ್ತೂ ಏನೂ ಆಗಿಲ್ಲ, ನನಗೂ ಇಲ್ಲ ಬೇರೆಯವರಿಗೂ ಇಲ್ಲ, ಆದ್ರೂ ಅದು ಬಂತು ಅಂದ್ರೆ ತೊಡೆ ನಡುಗೋದು, ವರ್ಷಗಟ್ಟಲೆ, ಯಾಕೆ ಯಾಕೆ ಅಂತ ಕೇಳಿ ಕೇಳಿ ಸಾಕಾಯ್ತು. ಏನು ಮಾಡಿದಿರಿ ಅಂದೆ. ಏನ್ ಮಾಡೋದು, ನಡುಗ್ತಾನೇ ಓಡಿಸ್ದೆ, ಬಸ್ಸಿಗೇನೂ ಗೊತ್ತಾಗ್ಲಿಲ್ಲ.

ಅಷ್ಟರಲ್ಲಿ ಚಿತ್ರ ಪರದೆಯ ಮೇಲೆ ಬಂದಿತ್ತು, ಇಷ್ಟು ಸ್ಪಷ್ಟವಾದ ಚಿತ್ರ ಈ ವಾರದಲ್ಲಿ ಬಂದಿರಲಿಲ್ಲ, ಅಷ್ಟು ಅಲುಗದೆ ನಿಂತಿದ್ದರು, ಪಕ್ಕೆಲುಬು ಒಂದೊಂದೂ ಎಣಿಸಿ ಇಟ್ಟ ಹಾಗೆ, ಬಲಗಡೆ ಮೇಲೆ, ಕೊರಳೆಲುಬಿನ ಕೆಳಗೆ, ನಾಣ್ಯದಗಲದ ಒಂದು ಮಬ್ಬು. ಹೇಗಿದೆಯಮ್ಮ ಅಂದರು. ನಾನು ಹೇಳುವ ಹಾಗಿಲ್ಲ, ಅದು ನನ್ನ ಕೆಲಸವಲ್ಲ, ನಾಳೆ ಡಾಕ್ಟರ್ ನೋಡಿ ಹೇಳ್ತಾರೆ ಅಂದೆ, ಎಲ್ಲರಿಗೂ ಅನ್ನುವ ಮಾತು. ಸರಿ ಹಾಗಾದ್ರೆ ನಾಳೆ ಬರ್ತೀನಿ, ನೀವು ಹುಷಾರು ಅಂತ ಹೊರಟರು, ನನಗೆ ಹುಷಾರು ಹೇಳಿ ಹೊರಟರು. ಆಗ ಆದದ್ದನ್ನು ಯಾರ ಮುಂದೆ ಹೇಳಲಿ — ಆ ಮಬ್ಬು ಕಂಡ ಗಳಿಗೆಯಲ್ಲಿ ನನ್ನ ಎದೆ ನಿಧಾನವಾಯಿತು, ಬೆಳಿಗ್ಗೆಯಿಂದ ಮೊದಲ ಸಲ, ಉಸಿರು ತಳ ಮುಟ್ಟಿತು. ಹಾಗಾದರೆ ಇದಕ್ಕೇ ಇರಬೇಕು, ಅಮ್ಮ ಹೇಳಿದ್ದು ನಿಜ, ಯಾರಿಗೋ ಏನೋ. ಛೀ. ಬೆಳಿಗ್ಗೆ ಆರಕ್ಕೆ ಇವರು ಯಾರೋ ನಾನು ಯಾರೋ, ನನ್ನ ಎದೆಯನ್ನು ಕಟ್ಟಿಹಾಕಲು ಒಂದು ಗೂಟ ಬೇಕಿತ್ತು, ಪರರ ಪುಪ್ಪುಸದ ಮಬ್ಬಿಗೆ ತಂದು ಕಟ್ಟಿದೆ, ಕಟ್ಟಿ ಹಗುರಾದೆ. ಎಂಥ ಹೆಂಗಸು ನಾನು. ಕಾಲು ಗಂಟೆ ಹಗುರಾಗಿದ್ದೆ, ಆಮೇಲೆ ಅದು ಗೂಟ ಕಿತ್ತುಕೊಂಡು ಮತ್ತೆ ಬಂತು, ಈಗ ಅದರ ಹಿಂದೆ ಆ ಬೆನ್ನೂ.

ಮನೆ, ಸಂಜೆ, ಇವರು ಇನ್ನೂ ಬಂದಿಲ್ಲ, ಬೀನ್ಸು ಹೆಚ್ಚುತ್ತಿದ್ದೇನೆ, ಕೈ ನಡುಗುತ್ತದೆ, ನಡುಗಲಿ, ಯಾಕೆ ಅಂತ ಕೇಳುವುದಿಲ್ಲ ಅಂತ ನಿಶ್ಚಯಿಸಿ ನಡುಗುತ್ತಲೇ ಹೆಚ್ಚಿದೆ, ತುಂಡು ಸ್ವಲ್ಪ ಸೊಟ್ಟ, ಆದರೂ ತುಂಡೇ, ಅಷ್ಟು ಹೊತ್ತಿಗೆ ಅದು ಹೋಗಲಿಲ್ಲ, ಆದರೆ ಪಕ್ಕಕ್ಕೆ ಸರಿದು ಕೂತಿತು, ಕೆಲಸವಿಲ್ಲದ ನೆಂಟರ ಹಾಗೆ, ಕೂತಿರಲಿ. ಫೋನು. ಮಗಳು. ಬೆಳಿಗ್ಗೆ ರೇಗಿದೆ ಸಾರಿ ಅಮ್ಮ, ನಿಜ ಹೇಳು ಏನಾಗಿತ್ತು. ಏನಿಲ್ಲ ಅಂತ ಬಾಯಿಗೆ ಬಂದದ್ದನ್ನು ನುಂಗಿದೆ, ಎದೆ ಡವಡವ ಅಂತಿತ್ತು ಕಣೇ, ಕಾರಣ ಗೊತ್ತಿಲ್ಲ, ಇನ್ನೂ ಇದೆ ಅಂದೆ. ಆ ಕಡೆ ಬಾಗಿಲು ಹಾಕಿದ ಸದ್ದು. ಆಮೇಲೆ ಸಣ್ಣ ದನಿ, ನಂಗೂ ಆಗುತ್ತಮ್ಮ. ಬಾಗಿಲು ಹಾಕ್ಕೊಂಡು ಬಾತ್‌ರೂಮಲ್ಲಿ ಕೂತಿರ್ತೀನಿ. ಎಷ್ಟು ದಿನದಿಂದ ಅಂದೆ. ಹೋದ ವರ್ಷದಿಂದ. ನಿನಗೆ ಹೇಳಿದ್ರೆ ಯಾಕೆ ಅಂತ ಕೇಳ್ತೀಯಲ್ಲ, ನನ್ನ ಹತ್ರ ಉತ್ತರ ಇಲ್ಲ. ಯಾಕೆ ಅನ್ನುವುದು ನಾಲಗೆಯ ತುದಿಗೆ ಬಂದು ನಿಂತಿದೆ, ಹೋದ ವರ್ಷದಿಂದ, ನಾನು ದಿನಾ ಕೇಳುತ್ತಿದ್ದೆ ಊಟ ಆಯ್ತಾ ಅಂತ, ಆಯ್ತು ಅನ್ನುತ್ತಿದ್ದಳು, ಬಾಗಿಲು ಹಾಕಿಕೊಂಡು — ಕೇಳುವುದಿಲ್ಲ, ಕೇಳಲಿಲ್ಲ, ಈಗ ಇದೆಯಾ ಅಂದೆ, ಹ್ಞೂಂ ಅಂದಳು, ನನಗೂ ಇದೆ, ಫೋನ್ ಇಡಬೇಡ, ಇರಲಿ ಅಂದೆ. ಇಟ್ಟಿಲ್ಲ. ಅವಳು ಉಸಿರಾಡುವುದು ಕೇಳಿಸುತ್ತಿದೆ, ಒಂದು, ಆಮೇಲೆ ಒಂದು, ಆಮೇಲೆ ಎಳೆದದ್ದು ಕೇಳಿಸಿತು, ಬಿಟ್ಟದ್ದು ಕೇಳಿಸಲಿಲ್ಲ, ಕಿವಿಗೆ ಒತ್ತಿ ಹಿಡಿದಿದ್ದೇನೆ, ಗಾಜಿನ ಆಚೆ ಆ ಬೆನ್ನು, ಗದ್ದ ಮೇಲೆ, ಕೈ ಸೊಂಟಕ್ಕೆ, ತುಂಬಿಕೊಂಡು, ನಾನು ಹೇಳುತ್ತೇನೆ ಅಂತ ನಂಬಿ, ಅಲುಗದೆ, ಆ ಬೆನ್ನು — ಬಿಡು ಅಂದೆ, ಉಸಿರು ಬಿಡು ಕಣೇ